ಮೂರು ಕಡೆ ಕೇಳಿದ ಮಾತು

ಅಕ್ಕುತಾಯಿ ಇವತ್ತು ಸಭೆಗೆ ಬರಬಾರದು. ರಾಯಬಾಗ ಬಿಟ್ಟು ಕಬ್ಬಿನ ಗಾಡಿಗಳ ಸಾಲಿನ ಹಿಂದೆ ತೆವಳುತ್ತಿದ್ದ ಬಸ್ಸಿನಲ್ಲಿ, ಸುರುಳಿ ಸುತ್ತಿದ ಎರಡು ದೊಡ್ಡ ಚಾರ್ಟುಗಳನ್ನು ಮೊಣಕಾಲಿನ ನಡುವೆ ನಿಲ್ಲಿಸಿಕೊಂಡು ಕೂತಿದ್ದ ದಶರಥನಿಗೆ ಬೇರೆ ಆಸೆಯೇ ಇರಲಿಲ್ಲ. ಆಕೆಗೆ ಥಂಡಿಜ್ವರ ಬಂದಿರಲಿ, ಮೊಮ್ಮಗಳನ್ನು ನೋಡಲು ಮಿರಜಿಗೆ ಹೋಗಿರಲಿ, ಬಚ್ಚಲಲ್ಲಿ ಜಾರಿ ಕಾಲು ಉಳುಕಿರಲಿ. ತನ್ನ ಅವ್ವನ ವಯಸ್ಸಿನ ಹೆಂಗಸಿಗೆ ಬೆಳಗಿನಿಂದ ಜ್ವರ ಬೇಡಿಕೊಳ್ಳುತ್ತಿದ್ದೇನಲ್ಲ ಎಂದು ಹೊಳೆದಾಗ ಬಾಯಿ ಕಹಿಯಾಯಿತು, ಆದರೆ ಬೇಡಿಕೆ ನಿಲ್ಲಲಿಲ್ಲ. ಚಾರ್ಟಿನ ಮೇಲೆ ಅವನದೇ ದುಂಡಗಿನ ಅಕ್ಷರಗಳಿದ್ದವು. ಚಿಕ್ಕೋಡಿಯ ಕಾಲೇಜಿನಲ್ಲಿ ಗೋಡೆ ಪತ್ರಿಕೆ ಬರೆದು ಪಳಗಿದ ಕೈ. ಸವಳು ಭೂಮಿ ಸುಧಾರಿಸುವ ಯೋಜನೆಯ ತರಬೇತಿಗೆ ಬಂದ ಹದಿನಾಲ್ಕು ಜನರಲ್ಲಿ ಅಂಥ ಕೈಬರಹ ಇನ್ನೊಬ್ಬರದಿಲ್ಲ ಎಂದು ಎಲ್ಲರ ಚಾರ್ಟನ್ನೂ ಅವನಿಂದಲೇ ಬರೆಸಿದ್ದರು. 'ಮಾಳೇವಾಡಿಯ ಸವಳು ಭೂಮಿ, ಜನರ ಮಾತಿನಲ್ಲಿ' ಎಂಬ ತಲೆಬರಹದ ಕೆಳಗೆ ಆರನೆಯ ಸಾಲು ಹೀಗಿತ್ತು: 'ಕೆಳಗಿನ ಓಣಿಯವರ ನಾಲ್ಕು ಎಕರೆ ತಾನಾಗಿ ಸವಳಾದದ್ದಲ್ಲ. ಮೇಲಿನ ಕಬ್ಬಿನ ಬಸಿನೀರನ್ನು ಚರಿ ಅಗೆದು ಅದರೊಳಗೆ ತಿರುಗಿಸಿದ್ದಾರೆ. ಇದು ಆ ಚರಿ ಅಗೆದ ಕೂಲಿ ಹೆಂಗಸಿನ ಮಾತು.' ಇವತ್ತು ಹನ್ನೊಂದು ಗಂಟೆಗೆ ಶಾಲೆಯ ಅಂಗಳದಲ್ಲಿ ಇದನ್ನು ಊರಿನೆದುರು ಓದಬೇಕು. ಊರು ಹೌದೆಂದರೆ ಚಾರ್ಟು ಯೋಜನೆಯ ಇಂಜಿನಿಯರರ ಕೈಗೆ ಹೋಗುತ್ತದೆ, ಅವರು ಬಸಿನೀರನ್ನು ಹಳ್ಳಕ್ಕೆ ತಿರುಗಿಸುತ್ತಾರೆ, ನಾಲ್ಕು ಎಕರೆ ಉಸಿರಾಡುತ್ತದೆ. ಊರು ಅಲ್ಲವೆಂದರೆ ಅದು ಮೊದಲಿನಿಂದಲೂ ಹಾಳು ಭೂಮಿ, ಸುತ್ತಲಿನ ನೀರೆಲ್ಲ ಬಂದು ನಿಲ್ಲಲು ಯೋಜನೆ ತೋಡಲಿರುವ ಹೊಂಡಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ.

ಹಿಂದಿನ ಸೀಟಿನಲ್ಲಿ ಯಾರೋ ಮರಾಠಿಯಲ್ಲಿ ಕಾರಖಾನೆಯ ತೂಕದ ಬಗ್ಗೆ ಜಗಳ ತೆಗೆದಿದ್ದರು. ದಶರಥ ಕಿವಿಗೊಟ್ಟ. ಈಗೀಗ ಯಾರು ಮಾತಾಡಿದರೂ ಅವನ ಬೆರಳು ತಾನಾಗಿ ಜೇಬಿನ ಪುಸ್ತಕವನ್ನು ಮುಟ್ಟುತ್ತಿತ್ತು. ಕೇಳುವುದನ್ನು ಕಲಿಯಿರಿ ಎಂದಿದ್ದರು ಜ್ಞಾನದೇವ ಸರ್. ಚಿಕ್ಕೋಡಿಯ ಕೋರ್ಟು ರಸ್ತೆಯ ಬಾಡಿಗೆ ಮಹಡಿಯಲ್ಲಿ ಮೂರು ವಾರ ನಡೆದ ತರಬೇತಿ. ಕೊಲ್ಹಾಪುರದ ಕಡೆಯ, ವಿಲಾಯತಿಯಲ್ಲಿ ಓದಿ ಬಂದ, ಖಾದಿ ಜುಬ್ಬದ ಮನುಷ್ಯ. ಮೊದಲ ದಿನವೇ ಕುರ್ಚಿಗಳನ್ನೆಲ್ಲ ಹೊರಗೆ ಹಾಕಿಸಿ, "ಇನ್ನ ಮ್ಯಾಲೆ ಎಲ್ಲಾರೂ ಜಮೀನಿನ ಮ್ಯಾಲೆ ಕೂಡ್ರಿ. ಶೆತ್ಕರಿ, ರೈತನ ಜತಿಗೆ ಬರೋಬರ ಕೂತರ ಅವನ ಬಾಯಿ ತೆರೀತೈತಿ" ಎಂದಿದ್ದರು. ಕೃಷಿ ಪದವಿ ಮುಗಿಸಿ ಬಂದ ದ್ರಾಕ್ಷಿ ತೋಟಗಳ ಹುಡುಗರು ಪ್ಯಾಂಟು ಸರಿಮಾಡಿಕೊಳ್ಳುತ್ತ, ಮಂಡಿ ಎಲ್ಲಿ ಇಡಬೇಕೆಂದು ತಿಳಿಯದೆ ನಗುತ್ತ ಕೂತರು. ದಶರಥ ಕೂತದ್ದು ನೋಡಿ ಸರ್ ಮೆಚ್ಚಿ, "ನೋಡ್ರಿ, ಹಿಂಗ. ಹೆಂಗ ಸಹಜ ಕೂತಾನ" ಎಂದು ಎಲ್ಲರಿಗೂ ಬೆರಳು ಮಾಡಿ ತೋರಿಸಿದರು. ಎಲ್ಲರೂ ಅವನ ಕಾಲುಗಳನ್ನು ನೋಡಿದರು. ಉಗಾರ ಬುದ್ರುಕದಲ್ಲಿ ಅವನ ಅಪ್ಪ ಜೀವನವಿಡೀ ಇನ್ನೊಬ್ಬರ ಜಗುಲಿಯ ಕೆಳಗೆ ಅದೇ ಭಂಗಿಯಲ್ಲಿ ಕೂತು ಸತ್ತದ್ದು, ಮಗ ಮಾತ್ರ ಕುರ್ಚಿಯ ಮೇಲೆ ಕೂಡಬೇಕೆಂದು ಅವ್ವ ಎರಡು ಸುಗ್ಗಿ ಕಬ್ಬಿನ ಒಣಸೋಗೆಯ ರವದಿಯಲ್ಲಿ ಕೈ ಹರಿದುಕೊಂಡದ್ದು, ಬಿ.ಎ. ಮುಗಿಸುವ ಹೊತ್ತಿಗೆ ಅವನು ಬೆನ್ನು ನೆಟ್ಟಗೆ ಮಾಡಿ ಕುರ್ಚಿಯಲ್ಲಿ ಕೂಡುವುದನ್ನು ಕಷ್ಟಪಟ್ಟು ಕಲಿತದ್ದು, ಇದೆಲ್ಲ ಆ ಕೋಣೆಯಲ್ಲಿ ಯಾರಿಗೂ ಬೇಕಾಗಿರಲಿಲ್ಲ. ನೆಲ ಈಗ ವಿದ್ಯೆಯಾಗಿತ್ತು. ನಾಟಕ ಮಾಡಿ ಕಲಿಯುವ ದಿನ ಸಂದರ್ಶಕರ ಪಾತ್ರ ಉಳಿದವರಿಗೆ ಸಿಕ್ಕಿತು. ಬಡ ರೈತನ ಪಾತ್ರ ಆರು ಸಲವೂ ದಶರಥನಿಗೆ. ಅಥಣಿಯ ದ್ರಾಕ್ಷಿ ತೋಟದ ಪಾರಿಸ ಎಂಬ ಹುಡುಗ ಎದುರು ಕೂತು, ಹಾಳೆ ನೋಡಿಕೊಂಡು, "ನಿಮ್ಮ ಮನ್ಯಾಗ ಯಾವ ತಿಂಗಳಾಗ ಹಸಿವು ಜಾಸ್ತಿ ಇರ್ತೈತ್ರಿ?" ಎಂದು ಕೇಳಿದ. ದಶರಥ ಆಷಾಢ ಎಂದ. ಮಹಡಿಯ ತುಂಬ ಚಪ್ಪಾಳೆ.

ದಿಗ್ಗೇವಾಡಿಯಲ್ಲಿ ಇಳಿದು ಎರಡು ಮೈಲಿ ನಡೆಯಬೇಕು. ಜೀಪು ಹಿಂದಿನಿಂದ ಬರುತ್ತದೆ, ಅದರಲ್ಲಿ ಸರ್ ಮತ್ತು ಪಾರಿಸ. ಊರಿಗೆ ನಡೆದೇ ಹೋಗಬೇಕೆಂಬ ನಿಯಮ ಊರಿನವರ ಮಗನಂತೆ ಕಾಣುವವನಿಗೆ ಮಾತ್ರ. ಎರಡೂ ಕಡೆ ಕಬ್ಬು ಗೋಡೆಯಂತೆ ನಿಂತಿತ್ತು. ಅದರ ಬುಡದಲ್ಲಿ ನೀರು, ಮಾಘ ಮಾಸದಲ್ಲೂ ನೀರು. ನದಿಯಿಂದ ಮೋಟರಿನಲ್ಲಿ ಏರಿಸಿ ಏರಿಸಿ ಸುರಿದ, ಭೂಮಿಗೆ ಬೇಡವಾದರೂ ಕುಡಿಸಿದ ನೀರು. ಕಬ್ಬು ಮುಗಿದಲ್ಲಿ ಮಾಳೇವಾಡಿಯ ಕೆಳಗಿನ ನಾಲ್ಕು ಎಕರೆ ಕಾಣುತ್ತಿತ್ತು, ಸುಣ್ಣ ಚೆಲ್ಲಿದ ಹಾಗೆ ಬೆಳ್ಳಗೆ, ನಡುವೆ ಆಪಿನ ಹುಲ್ಲಿನ ಜಂಡು. ಮೊದಲ ಸಲ ಅವನು ಅಲ್ಲಿ ನಿಂತಾಗ ಅಕ್ಕುತಾಯಿ ಉಪ್ಪಿನ ಪದರನ್ನು ಹೆಬ್ಬೆರಳಿನಿಂದ ಎಬ್ಬಿಸಿ ಅವನ ಅಂಗೈಗೆ ಹಾಕಿದ್ದಳು. "ಜ್ವಾಳ ಬೆಳೀತಿದ್ದ ಭೂಮಿ ತಮ್ಮಾ. ನಮ್ಮ ಮಾವನ ಕಾಲಕ್ಕ ಊರ ಚಾಕರಿಗೆ ಅಂತ ಕೊಟ್ಟಿದ್ದು. ಈಗ ಇದರಾಗ ಕಪ್ಪಿಗಳು ಸುದ್ದಾ ಇರವಲ್ಲವು." ಅವನು ಯಾವ ಊರವನು, ಯಾರ ಮಗ ಎಂದು ಮೊದಲ ಹತ್ತು ನಿಮಿಷದಲ್ಲೇ ಆಕೆ ಕೇಳಿ ತಿಳಿದುಕೊಂಡಿದ್ದಳು. ಅವನೂ ಬುದ್ಧ ವಿಹಾರಕ್ಕೆ ಹೋಗುವ ಮನೆಯವನೇ ಎಂದು ಗೊತ್ತಾದ ಮೇಲೆ ತಟ್ಟೆಗೆ ರೊಟ್ಟಿ ಬಿತ್ತು, ಅವನು ಆಕೆಯನ್ನು ಚಿಕ್ಕವ್ವನೆಂಬಂತೆ ಮಾವಶಿ ಎಂದ. ಹೀಗೆ ಒಳಗೆ ಬಿಟ್ಟುಕೊಳ್ಳುವುದಕ್ಕೆ ತರಬೇತಿಯಲ್ಲಿ ಒಂದು ಹೆಸರಿತ್ತು, ಅದಕ್ಕೆ ಮೂರು ದಿನ ಬೇಕಾಗುತ್ತದೆ ಎಂದೂ ಬರೆದಿತ್ತು. ದಶರಥನಿಗೆ ಒಂದು ರೊಟ್ಟಿಯಲ್ಲಿ ಆಯಿತು. ಅವನನ್ನು ಈ ಕೆಲಸಕ್ಕೆ ಆರಿಸಿದ್ದು ಅದಕ್ಕೇ ಎಂದು ಅವನಿಗೂ ಗೊತ್ತಿತ್ತು.

ನಾಲ್ಕನೆಯ ದಿನ, ಆಕೆ ಅಕ್ಕಿ ಆರಿಸುತ್ತಿದ್ದಾಗ, ಅವನು ಪ್ರಶ್ನೆಯನ್ನೇ ಕೇಳಿರಲಿಲ್ಲ. ಸುಮ್ಮನೆ ಕೂತಿದ್ದ. ಸುಮ್ಮನೆ ಕೂಡುವುದೂ ಒಂದು ಪ್ರಶ್ನೆಯೆಂದು ಹೇಳಿಕೊಟ್ಟಿದ್ದರು. ಆಕೆ ಮೊರದಿಂದ ತಲೆ ಎತ್ತದೆ ಶುರು ಮಾಡಿದಳು. "ಒಂಬತ್ತು ವರ್ಸಾತು. ರಾವಸಾಹೇಬಣ್ಣಾರ ಕಬ್ಬಿನ್ಯಾಗ ನೀರು ನಿಂತು ಬೇರು ಕೊಳಿಯಾಕತ್ತಿದ್ದು. ಪೈಪು ಹುಗೀಬೇಕು, ಚರಿ ಹೊಡೀರಿ ಅಂತ ಕೂಲಿಯವ್ರ ಮುಕಾದಮ ಕರದಾ. ನಾನು, ತುಳಸವ್ವ, ಸುಂದರಾ, ಮೂರೂ ಮಂದಿ ಹೋದ್ವಿ. ಮೂರು ದಿನ ಅಗದ್ವಿ. ನಾಕನೇ ದಿನ ಬಾಂಧಗಲ್ಲ ದಾಟಿ ಚರಿ ನಮ್ಮ ಹೊಲದ ಕಡೆ ತಿರಗತು. ಪೈಪು ಎಲ್ಲೂ ಇಲ್ಲ. ಆವಾಗ ತಿಳೀತು ನನಗ." ಮೊರದಲ್ಲಿ ಬೆರಳು ನಿಂತಿತು. "ತಿಳದ ಮ್ಯಾಲೂ ಎರಡ ದಿನ ಅಗದೀನಿ ತಮ್ಮಾ. ಮನ್ಯಾವರಿಗೆ ಕಾಮಾಲಿ ಆಗಿತ್ತು, ಕೆಲಸ ಬಿಟ್ರ ಮುಕಾದಮ ಮತ್ತ ಕರೀತಿರ್ಲಿಲ್ಲ. ನಮ್ಮ ಭೂಮಿ ಕೊರಳಿಗೆ ನಾನ ಗುದ್ದಲಿ ಹಾಕೀನಿ. ನಮ್ಮ ಮೈದುನ ಧೂಳಪ್ಪ ಅವತ್ತಿಂದ ಅರ್ಜಿ ಬರದ ಬರದ ಹಣ್ಣಾದ. ಅಗದಾವ್ರು ಯಾರು, ಸಾಕ್ಷಿ ತಾ ಅಂತಾರಂತ ಅವಗ. ಒಂದ ಮನ್ಯಾಗ ಇದ್ದು ನಾ ಬಾಯಿ ಬಿಟ್ಟಿಲ್ಲ." ದಶರಥನ ಪೆನ್ನು ಒಂದು ಶಬ್ದವನ್ನೂ ಬಿಡದೆ ಓಡುತ್ತಿತ್ತು. ಅವನಿಗೆ ಈಗ ನೆನಪಾಗುವುದು ಆ ಹೊತ್ತಿನ ದುಃಖವಲ್ಲ. ಎದೆ ಹೊಡೆದುಕೊಂಡ ಸಂತೋಷ. ಇಂಥ ಮಾತು ಇಡೀ ತರಬೇತಿಯಲ್ಲಿ ಯಾರಿಗೂ ಸಿಕ್ಕಿಲ್ಲ, ಪಾರಿಸನಿಗಂತೂ ಜನ್ಮದಲ್ಲಿ ಸಿಗುವುದಿಲ್ಲ ಎಂಬ ಸಂತೋಷ. ಆಕೆ ಸೆರಗಿನಿಂದ ಮೂಗು ಒರೆಸಿಕೊಂಡದ್ದನ್ನೂ ಅವನು ಕಂಸದಲ್ಲಿ ಬರೆದುಕೊಂಡಿದ್ದ.

ಒಂದು ಬಾಯಿಯ ಮಾತು ಮಾಹಿತಿಯಲ್ಲ ಎಂದಿದ್ದರು ಸರ್. ಕರಿಹಲಗೆಯ ಮೇಲೆ ತ್ರಿಕೋನ ಬರೆದು, ಒಂದೊಂದು ಮೂಲೆಗೆ ಒಬ್ಬೊಬ್ಬ ಮನುಷ್ಯನನ್ನು ಕೂಡಿಸಿ, ಅದೇ ಮಾತನ್ನು ಮೂರು ಕಡೆ ಕೇಳಿ ತಾಳೆ ನೋಡಿದರೆ ಮಾತ್ರ ಸತ್ಯ ಮಧ್ಯದಲ್ಲಿ ಸಿಗುತ್ತದೆ ಎಂದು ಸುಣ್ಣದ ಕಡ್ಡಿಯಿಂದ ಚುಕ್ಕೆ ಇಟ್ಟಿದ್ದರು. ಹೆಸರು ಹೇಳಬಾರದು, ಅದೊಂದು ಎಚ್ಚರ ಇರಲಿ. ಆ ಹಲಗೆಯ ಮೇಲೆ ಮೂರೂ ಮೂಲೆಗಳು ಒಂದೇ ಎತ್ತರದಲ್ಲಿದ್ದವು. ಒಂದು ಮೂಲೆಯವನು ಇನ್ನೊಂದು ಮೂಲೆಯವಳಿಗೆ ಕೂಲಿ ಕೊಡುವವನಾದರೆ ಏನು ಮಾಡಬೇಕೆಂದು ಯಾರೂ ಕೇಳಲಿಲ್ಲ, ದಶರಥನೂ ಕೇಳಲಿಲ್ಲ. ಅವನಿಗಲ್ಲದೆ ಇನ್ಯಾರಿಗೆ ಹೊಳೆಯಬೇಕಿತ್ತು ಅದು? ಮರುದಿನವೇ ಅವನು ಎರಡನೆಯ ಮೂಲೆಗೆ, ರಾವಸಾಹೇಬರ ಮನೆಗೆ ಹೋದ. ಅಂಗಳದಲ್ಲಿ ನಿಂತು ನಮಸ್ಕಾರ ಹೇಳಿದವನಿಗೆ ರಾವಸಾಹೇಬರು, "ಅರೆ, ಸರಕಾರಿ ಮಂದಿ ಬಂದಾರ, ಕುರ್ಚಿ ತರ್ರಿ" ಎಂದರು. ಕುರ್ಚಿ ಬಂತು. ಬೆತ್ತದ್ದು, ಕೈಯಿದ್ದದ್ದು, ಅವರು ಕೂತದ್ದರ ಜೋಡಿಯದು. ಅಂಥ ಮನೆಯ ಪಡಸಾಲೆಯಲ್ಲಿ, ಅಂಥ ಕುರ್ಚಿಯಲ್ಲಿ, ಅವನು ಹಿಂದೆಂದೂ ಕೂತಿರಲಿಲ್ಲ. ಅವನ ವಂಶದಲ್ಲೇ ಯಾರೂ ಕೂತಿರಲಿಲ್ಲ. ಬೆನ್ನಿಗೆ ಬೆತ್ತದ ತಂಪು ತಾಗಿತು, ನಾಲಿಗೆ ಸಡಿಲವಾಯಿತು. ಕಬ್ಬು, ನೀರು, ಗೊಬ್ಬರ ಎಲ್ಲ ಮುಗಿದ ಮೇಲೆ, ಸಮಬಲದ ಇಬ್ಬರು ಗಂಡಸರು ಊರ ವಿಷಯ ಮಾತಾಡುವ ಹಾಗೆ ಅವನು, "ನಿಮ್ಮ ಬಸಿನೀರಿನ ಚರಿ ಬಗ್ಗೆ ಒಂದ ಮಾತು ಬಂದೈತ್ರಿ ಅಣ್ಣಾರ, ತಾಳಿ ನೋಡಬೇಕಾಗಿತ್ತು" ಎಂದ. ಯಾರಂದ್ರು ಎಂದು ಅವರು ಕೇಳಿದರು. ಹೆಸರು ಹೇಳುವಂತಿಲ್ಲ ಎಂದು ಅವನು ಹೆಮ್ಮೆಯಿಂದಲೇ ಹೇಳಿದ. "ಇಷ್ಟ ತಿಳೀರಿ, ಚರಿ ಅಗದ ಹೆಣ್ಮಗಳು ಅಂದದ್ದು." ರಾವಸಾಹೇಬರು ಸಿಟ್ಟಾಗಲಿಲ್ಲ. ಅಡಕೆ ಹೋಳನ್ನು ಬಾಯಿಗೆ ಹಾಕಿಕೊಂಡು, "ಮೂರು ಮಂದಿ ಅಗದಿದ್ರು. ತುಳಸವ್ವ ಹೋಗಿ ನಾಕು ವರ್ಸಾತು, ಪಾಪ. ಸುಂದರಾ ಇಚಲಕರಂಜಿಗೆ ಹೋಗಿ ಮಗ್ಗದಾಗ ಅದಾಳ" ಎಂದು ತಮ್ಮಷ್ಟಕ್ಕೆ ತಾವೇ ಹೇಳಿಕೊಂಡರು. ಆಮೇಲೆ ನಕ್ಕು, "ಚಾ ಕುಡೀರಿ, ಆರತೈತಿ" ಎಂದರು.

ಅವನು ಚಹಾ ಕುಡಿದ. ಇದನ್ನು ಅವನು ತನಗೆ ತಾನೇ ಎಷ್ಟು ಸಲ ಹೇಳಿಕೊಂಡಿದ್ದಾನೋ ಲೆಕ್ಕವಿಲ್ಲ. ಆ ಎರಡು ಹೆಸರುಗಳ ನಂತರ ಮೂರನೆಯ ಹೆಸರು ಪಡಸಾಲೆಯಲ್ಲಿ ನಿಂತಿತ್ತು, ಅದನ್ನು ಅವನೂ ನೋಡಿದ್ದ, ನೋಡಿ ಪೂರ್ತಿ ಕಪ್ಪು ಮುಗಿಸಿದ್ದ. ಇಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ತ್ರಿಕೋನಕ್ಕೆ ಇನ್ನೊಂದು ಮೂಲೆ ಬೇಕಲ್ಲ, ಮಧ್ಯಾಹ್ನ ಕೆಳಗಿನ ಓಣಿಯ ಬೇವಿನ ಕೆಳಗೆ ಧೂಳಪ್ಪನನ್ನು ಹಿಡಿದು, ನಿಮ್ಮ ಓಣಿಯ ಹೆಂಗಸರೇ ಅಗೆದದ್ದು ನಿಜವೇ ಎಂದು ಕೇಳಿದ. ಆರಡಿ ಎತ್ತರದ ಧೂಳಪ್ಪ ಕೈಯಲ್ಲಿದ್ದ ಬೀಡಿಯನ್ನು ಹಚ್ಚದೆ ಹಾಗೆಯೇ ಹಿಡಿದುಕೊಂಡ. "ನಮ್ಮ ಓಣ್ಯಾವರಾ?" ಎಂದ. "ಯಾರ ಅಂತ ಹೇಳಬ್ಯಾಡ ಬಿಡು. ನಾ ಕೇಳ್ಕೊಂತೀನಿ." ಆ ಸಂಜೆ ಒಂದೇ ಒಲೆಯ ಮನೆಯಲ್ಲಿ ಎರಡು ಒಲೆ ಹೊತ್ತಿದವು. ಮರುದಿನ ಕಬ್ಬಿನ ಕಸ ತೆಗೆಯುವ ಗುಂಪಿನಲ್ಲಿ ಅಕ್ಕುತಾಯಿಗೆ ಜಾಗವಿರಲಿಲ್ಲ. ಕಣ್ಣು ಕಾಣಿಸುವುದಿಲ್ಲ ನಿನಗೆ, ಕಬ್ಬನ್ನೇ ಕೀಳುತ್ತೀ ಎಂದು ಮುಕಾದಮ ಹೇಳಿದನಂತೆ. ದಶರಥನ ಪುಸ್ತಕದಲ್ಲಿ ಮಾತ್ರ ಮೂರೂ ಮೂಲೆ ಸರಿಯಾಗಿ ಕೂಡಿತ್ತು. ಶನಿವಾರದ ಪಾಠದಲ್ಲಿ ಸರ್ ಅದನ್ನು ಎಲ್ಲರಿಗೂ ಓದಿ ತೋರಿಸಿ, ಇಂಥವನ ಮೂರು ತಿಂಗಳ ನೇಮಕವನ್ನು ಕಾಯಂ ಮಾಡದಿದ್ದರೆ ಯೋಜನೆಗೇ ನಷ್ಟ ಎಂದರು.

ಎಲ್ಲ ಗೊತ್ತಾದ ಮೇಲೆ ಅವನು ಒಮ್ಮೆ ಹೋಗಿದ್ದ, ಹೋದ ಗುರುವಾರ. ಕೆಲಸದ ಹೊತ್ತಿನಲ್ಲಿ ಆಕೆ ಹೊಸ್ತಿಲಲ್ಲಿ ಕಾಲು ಚಾಚಿ ಕೂತಿದ್ದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು, ತಲೆ ತಗ್ಗಿಸಿ ನಿಂತು ಎಲ್ಲ ಕೇಳಿಸಿಕೊಂಡು ಹಗುರಾಗಿ ಬಸ್ಸು ಹತ್ತುತ್ತಿದ್ದ. ಆಕೆ ಕೇಳಿದ್ದು ಬೇರೆ. "ನೀ ಬರಕೊಂಡೀದಿ ಅಲ್ಲಾ, ಅದನ್ನ ಓದು." ಅವನು ಪುಸ್ತಕ ತೆಗೆದು ಓದಿದ. ಆಕೆಯ ಗಂಡನ ಕಾಮಾಲೆ, ಬಾಂಧಗಲ್ಲು, ಎರಡು ದಿನ, ಗುದ್ದಲಿ. ಆಕೆ ಬೇರೆ ಯಾರದೋ ಕಥೆ ಕೇಳುವ ಹಾಗೆ ಗದ್ದಕ್ಕೆ ಕೈಕೊಟ್ಟು ಕೇಳಿದಳು. "ಹಿಂಗ ಅಂದಿದ್ನೇನು ನಾ?" ಎಂದಳು. ಗದ್ದದ ಕೈ ತೆಗೆದು, "ಬರೋಬರಿ ಅಂದೀನಿ" ಎಂದಳು. ಅವನು ಅವಸರಪಟ್ಟು, "ಹೊಡದ ಹಾಕ್ತೀನಿ ಮಾವಶಿ. ಅದು ಎಲ್ಲೂ ಇರೂದಿಲ್ಲ. ನಿಮಗ ಮತ್ತ ತ್ರಾಸ ಆಗಬಾರದು" ಎಂದ. ಆಕೆ ಅವನ ಮುಖವನ್ನೇ ನೋಡಿದಳು. ಅವನು ಅದನ್ನು ಒಪ್ಪಿಗೆ ಎಂದುಕೊಂಡ. ಎದ್ದು ಬಂದ.

ಹೊಡೆದು ಹಾಕುವುದು ಅವನ ಕೈಯಲ್ಲಿರಲಿಲ್ಲ. ಆ ಪುಟದ ಕಾರ್ಬನ್ ಪ್ರತಿ ಆಗಲೇ ಕಚೇರಿಯ ಕಡತದಲ್ಲಿತ್ತು. ನಿನ್ನೆ ಸಂಜೆ ಚಾರ್ಟು ಬರೆಯುತ್ತಿದ್ದಾಗ ಸರ್ ಪಕ್ಕದಲ್ಲಿ ಬಂದು, ಅವನ ಸರಿಸಮ ನೆಲದ ಮೇಲೆ ಕೂತು, ಹೆಗಲ ಮೇಲೆ ಕೈಯಿಟ್ಟಿದ್ದರು. ಅಷ್ಟರಲ್ಲಿ ರಾವಸಾಹೇಬರು ಯೋಜನೆಯ ಮೇಲಿನವರ ಹತ್ತಿರ ಹೋಗಿ ಬಂದಿದ್ದರು. "ನಂಗ ನಿನ್ನ ಮ್ಯಾಲೆ ಪೂರ್ಣ ವಿಶ್ವಾಸ ಐತಿ. ಆದರ ಸಾಲು ತಗದರ ನಮ್ಮ ಪದ್ಧತಿನ ಸುಳ್ಳಾಗತೈತಿ. ಇರಲಿ ಅದು. ಉದ್ಯಾ ಮುಂಜಾನೆ ಊರಾಗ ಓದೂಣು. ಆಕಿ ಹೌದು ಅಂದರ ಹೌದು. ಇಲ್ಲಾ, ನೀನ ಎದ್ದು ಬರಿಯೂ ಮುಂದ ತಪ್ಪಾತು ಅನ್ನು. ಕಲಿಯೂ ಹುಡಗ, ಯಾರೂ ಏನೂ ಅನ್ನೂದಿಲ್ಲ. ನಿನ್ನ ನೋಕರಿಗೆ ಧಕ್ಕಿ ಬರದಂಗ ನಾ ನೋಡ್ಕೊಂತೀನಿ. ಊರಿನ ಸೌಹಾರ್ದ ಮುಖ್ಯ." ರಾತ್ರಿಯೆಲ್ಲ ದಶರಥ ಅದರ ಇನ್ನೊಂದು ಮುಖವನ್ನು ಕಟ್ಟಿಕೊಂಡಿದ್ದ. ತಾನು ತಪ್ಪೊಪ್ಪಿಕೊಂಡರೆ ಅಕ್ಕುತಾಯಿ ಏನೂ ಹೇಳಿಲ್ಲವೆಂದಾಗುತ್ತದೆ. ಮುಕಾದಮ ಮತ್ತೆ ಕರೆಯುತ್ತಾನೆ. ಧೂಳಪ್ಪ ಅತ್ತಿಗೆಯ ಕೈಯ ರೊಟ್ಟಿ ತಿನ್ನುತ್ತಾನೆ. ಊರೆದುರು ಸುಳ್ಳುಗಾರನೆನಿಸಿಕೊಂಡು ತಾನು ಆಕೆಯ ಋಣ ತೀರಿಸಿದಂತಾಗುತ್ತದೆ. ಎಷ್ಟು ಸಲ ಹೀಗೆ ಕಟ್ಟಿದರೂ ಅದರೊಳಗಿಂದ ಒಂದು ನಿರಾಳ ಮೆಲ್ಲಗೆ ತಲೆ ಹಾಕುತ್ತಿತ್ತು, ಅದು ಆಕೆಯ ನಿರಾಳವಲ್ಲ ಎಂದು ಅವನಿಗೆ ತಿಳಿಯುತ್ತಿತ್ತು, ಮಗ್ಗಲು ಬದಲಿಸುತ್ತಿದ್ದ.

ಶಾಲೆಯ ಅಂಗಳ ತುಂಬಿತ್ತು. ಗಂಡಸರಿಗೆ ಜಮಖಾನೆ, ಹೆಂಗಸರು ನೀರಿನ ಟಾಕಿಯ ಹತ್ತಿರ ಬರಿ ನೆಲದಲ್ಲಿ. ಕೆಳಗಿನ ಓಣಿಯ ಹೆಂಗಸರ ನಡುವೆ, ಯಾರೂ ತಾಗದ ಹಾಗೆ ಒಂದು ಮೊಳ ಜಾಗ ಬಿಟ್ಟು, ಅಕ್ಕುತಾಯಿ ಕೂತಿದ್ದಳು. ಒಗೆದ ನೀಲಿ ಸೀರೆ ಉಟ್ಟು, ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಬಂದಿದ್ದಳು. ಕರೆತಂದಿದ್ದಾರೆ, ಎಂದುಕೊಂಡ ದಶರಥ. ಎಲ್ಲರೆದುರು ಇಲ್ಲವೆನ್ನಿಸಲು ಎಳೆತಂದಿದ್ದಾರೆ. ಧೂಳಪ್ಪ ಗಂಡಸರ ಹಿಂದೆ ಗೋಡೆಗೆ ಒರಗಿ ನಿಂತಿದ್ದ. ಚಾರ್ಟುಗಳನ್ನು ಕಿಟಕಿಯ ಸಳಿಗೆ ಕಟ್ಟಲಾಯಿತು. ಸರ್ ಚಪ್ಪಲಿ ಬಿಟ್ಟು ಜಮಖಾನೆಯ ಅಂಚಿನಲ್ಲಿ, ನೆಲದ ಮೇಲೆ ಕೂತರು. ರಾವಸಾಹೇಬರಿಗೆ ಮಾಸ್ತರರ ಕುರ್ಚಿ ಹಾಕಿದ್ದರು.

ಪಾರಿಸ ಒಂದೊಂದೇ ಸಾಲು ಓದಿದ. ಮಳೆ ಎಷ್ಟು, ಹೌದೋ ಅಲ್ಲವೋ. ಹೌದು. ಮೋಟರು ಎಷ್ಟು. ಹೌದು. ಎರಡನೆಯದಕ್ಕೆ ಯಾರೋ, "ಲೇ, ನಂದೊಂದು ಸುಟ್ಟೈತಿ, ಅದನ್ನ ಕಳೀರಿ" ಎಂದಾಗ ಜನ ನಕ್ಕರು. ಆರನೆಯ ಸಾಲು ಬಂದಾಗ ಪಾರಿಸನ ದನಿ ಇಳಿಯಿತು. ಓದಿ ಮುಗಿದ ಮೇಲೆ ಜಮಖಾನೆಯ ಮೇಲಿನ ತಲೆಗಳೆಲ್ಲ ರಾವಸಾಹೇಬರ ಕುರ್ಚಿಯ ಕಡೆ ತಿರುಗಿದವು.

"ಇದು ಯಾರ ಮಾತ್ರಿ?" ಎಂದರು ರಾವಸಾಹೇಬರು, ಯಾರನ್ನೂ ನೋಡದೆ. "ನಂದೇನು ಹಟ ಇಲ್ಲ. ಅಂದಾವ್ರು ಇಲ್ಲೆ ಇದ್ರ ಎದ್ದು ನಿಂತ ಅನ್ನಲಿ. ಊರು ಐತಿ, ಕೇಳತೈತಿ."

ಸರ್ ತಲೆಯಾಡಿಸಿ, "ಬರೋಬರ. ಯಾರಿಗೂ ಒತ್ತಾಯ ಇಲ್ಲ" ಎಂದರು. ಎನ್ನುತ್ತ ದಶರಥನ ಕಡೆ ನೋಡಿದರು.

ಟಾಕಿಯ ಹತ್ತಿರ ಏನೋ ಅಲುಗಾಡಿತು. ಅಕ್ಕುತಾಯಿ ಒಂದು ಕೈಯನ್ನು ನೆಲಕ್ಕೆ ಊರಿ, ಇನ್ನೊಂದರಿಂದ ಮೊಣಕಾಲು ಹಿಡಿದು ಏಳುತ್ತಿದ್ದಳು. ಆ ಮೊಣಕಾಲು, ಆ ಏಳುವ ನಿಧಾನ, ಈ ಮುದುಕಿಯನ್ನು ಇಷ್ಟು ಮಂದಿಯೆದುರು ನಿಲ್ಲಿಸಿ ಸುಳ್ಳು ಹೇಳಿಸುತ್ತಾರಲ್ಲ ಎಂದುಕೊಂಡ ದಶರಥ. ಆಕೆ ಪೂರ್ತಿ ಏಳುವ ಮೊದಲೇ ಅವನು ಎದ್ದು ನಿಂತಿದ್ದ.

"ಅದು ಯಾರೂ ಅಂದದ್ದಲ್ರಿ," ಎಂದ. ದನಿ ಅವನು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿತ್ತು. "ನಾನ ಬರದದ್ದು. ಕಲಿಯಾಕತ್ತೀನಿ, ಚಂದ ಕಾಣ್ಲಿ ಅಂತ ನನ್ನ ತಲಿಯಿಂದ ಹಾಕಿ ಬರದೀನಿ. ಅಕ್ಕುತಾಯಿ ಮಾವಶಿ ಏನೂ ಅಂದಿಲ್ಲ. ತಪ್ಪಾಗೈತ್ರಿ, ಊರು ಹೊಟ್ಯಾಗ ಹಾಕೋಬೇಕು."

ಅಂಗಳದಲ್ಲಿ ಒಂದು ಉಸಿರು ಹರಿದಾಡಿತು. ಯಾರೋ, "ತೇರಿಕಿ, ಇಂಥಾವ್ರನ್ನ ಕಳಸ್ತಾರ ನೋಡು" ಎಂದರು. ರಾವಸಾಹೇಬರು ದೊಡ್ಡ ಮನಸ್ಸಿನಿಂದ ಕೈ ಎತ್ತಿ, "ಇರ್ಲಿ ಬಿಡ್ರಪಾ, ಹುಡುಗ. ಒಪ್ಪಿಕೊಂಡನಲ್ಲಾ" ಎಂದರು. ದಶರಥನ ಎದೆಯಲ್ಲಿ ನಿರಾಳ ಉಕ್ಕುತ್ತಿತ್ತು, ಆಯಿತು, ಮುಗಿಯಿತು, ತೀರಿತು ಎಂದು. ಆಗ ಅವನು ಅಕ್ಕುತಾಯಿಯ ಕಡೆ ತಿರುಗಿದ. ಆಕೆ ಎದ್ದು ನಿಂತಿದ್ದಳು. ಸೆರಗು ಹೊದ್ದಿರಲಿಲ್ಲ, ಸೊಂಟಕ್ಕೆ ಸಿಗಿಸಿದ್ದಳು, ಕೆಲಸಕ್ಕೆ ನಿಂತವರ ಹಾಗೆ.

"ಯಾಕ? ನಾ ಅಂದೀನಿ" ಎಂದಳು.

ಜನ ಕುತ್ತಿಗೆ ಹೊರಳಿಸಿ ಟಾಕಿಯ ಕಡೆ ನೋಡಿದರು.

"ನಾನ ಅಂದೀನಿ. ನಾನ ಅಗದೀನಿ. ಅವ ಓದಿದ್ದು ಒಂದ ಅಕ್ಷರ ಸುಳ್ಳಿಲ್ಲ. ಬಾಂಧಗಲ್ಲಿನಿಂದ ಎಷ್ಟ ಮಾರು, ಎಲ್ಲಿ ತಿರಗೈತಿ, ಬರ್ರಿ ತೋರಸ್ತೀನಿ. ನಮ್ಮ ಧೂಳಪ್ಪಗೂ ಹೇಳೀನಿ. ನಿನ್ನೆ ಅವನ ಕಾಲ ಹಿಡಕೊಂಡು ಎಲ್ಲಾ ಹೇಳೀನಿ. ಊರ ಮುಂದ ಅನ್ನು ವೈನಿ, ಅಷ್ಟ ಸಾಕು ಅಂದ. ಅದಕ್ಕ ಬಂದೀನಿ ನಾ."

ಗೋಡೆಗೆ ಒರಗಿದ್ದ ಧೂಳಪ್ಪ ನೆಟ್ಟಗಾಗಿದ್ದ. ಅವನ ಕೈಯಲ್ಲಿ ಒಂಬತ್ತು ವರ್ಷದ ಅರ್ಜಿಗಳ ಪ್ಲಾಸ್ಟಿಕ್ ಚೀಲವಿತ್ತು. "ಹೌದ್ರಿ ಸಾಹೇಬ್ರ. ಸಾಕ್ಷಿ ಸಾಕ್ಷಿ ಅಂತಿದ್ರಿ. ನಿಂತಾಳ ನೋಡ್ರಿ ಸಾಕ್ಷಿ."

ರಾವಸಾಹೇಬರು ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಸರಿದರು. ಅವರ ಮುಖದಲ್ಲಿ ಮರುಕವಿತ್ತು. "ನೋಡ್ರಿ ಸರ್, ಎಂಥಾ ಕರಳು. ತಮ್ಮ ಮಂದಿ ಹುಡುಗನ ನೋಕರಿ ಹೋಗತೈತಿ ಅಂತ ಮುದುಕಿ ಮೈಮ್ಯಾಲೆ ಹಾಕ್ಕೊಳ್ಳಾಕತ್ತಾಳ. ಇವ ಧೂಳಪ್ಪ ಕಲಿಸಿ ತಂದಾನ. ಬರಕೊಂಡಾವನ ಅಲ್ಲ ಅಂದ ಮ್ಯಾಲೆ ಮತ್ತೇನೈತಿ?"

ಗಂಡಸರ ಸಾಲು ತಲೆಯಾಡಿಸಿತು. ಹೌದಲ್ಲ, ಅದೇ ಸರಿ ಎಂದಿತು. ಜ್ಞಾನದೇವ ಸರ್ ಎದ್ದು ಅಕ್ಕುತಾಯಿಯ ಹತ್ತಿರ ಹೋಗಿ, ಬಾಗಿ, ಅತ್ಯಂತ ಮೃದುವಾಗಿ, "ಅಜ್ಜಿ, ಅವನ ನೋಕರಿಗೆ ಏನೂ ಆಗೂದಿಲ್ಲ. ನೀವು ಹೆದರಬ್ಯಾಡ್ರಿ. ಅವನ ಸಲುವಾಗಿ ನೀವು ಹಿಂಗ ಅನ್ನೂದು ಬ್ಯಾಡ" ಎಂದರು.

"ಅವನ ಸಲುವಾಗಿ?" ಎಂದಳು ಆಕೆ.

ಈಗ ಹೇಳಬಹುದಿತ್ತು. ಆಕೆ ಅಂದದ್ದೇ ನಿಜ, ನಾನು ಈಗ ಹೇಳಿದ್ದು ಸುಳ್ಳು. ದಶರಥ ಬಾಯಿ ತೆರೆದ. ಐದು ನಿಮಿಷದ ಹಿಂದೆ ಸುಳ್ಳು ಬರೆದೆ ಎಂದವನು ಈಗ ಸುಳ್ಳು ಹೇಳಿದೆ ಎಂದರೆ ಯಾವುದನ್ನು ನಂಬಬೇಕು ಇವರು ಎಂಬ ವಿಚಾರ ಬಂತು. ಅದರ ಬೆನ್ನ ಹಿಂದೆಯೇ ಕಾಯಂ ಎಂಬ ಶಬ್ದ ಬಂತು. ಎರಡೂ ಒಂದರ ಕೈ ಒಂದು ಹಿಡಿದು ಬಂದವು, ಯಾವುದು ಮುಂದಿತ್ತೋ ಅವನು ಆಣೆ ಮಾಡಿ ಹೇಳಲಾರ. ಬಾಯಿ ತೆರೆದೇ ಇತ್ತು. ಪಾರಿಸ ಅವನ ಕೈಗೆ ಕೆಂಪು ಸ್ಕೆಚ್ ಪೆನ್ನು ಕೊಟ್ಟ. ಆರನೆಯ ಸಾಲು ಚಾರ್ಟಿನಲ್ಲಿ ಕಣ್ಣಿನ ಮಟ್ಟಕ್ಕಿತ್ತು. ಅವನು ಅಳತೆಪಟ್ಟಿ ಇಲ್ಲದೆ, ಅಭ್ಯಾಸದ ಕೈಯಿಂದ, ನೇರವಾಗಿ ಗೆರೆ ಎಳೆದ. ಮೇಲೆ ಸರ್ ಹೇಳಿದಂತೆ ಬರೆದ: 'ಕೆಳಗಿನ ನಾಲ್ಕು ಎಕರೆ ಮೊದಲಿನಿಂದಲೂ ಸವಳು.' ಪಾರಿಸ ಓದಿದ. ಹೌದು, ಎಂದಿತು ಊರು. ಗೋಡೆಯ ಹತ್ತಿರ ಧೂಳಪ್ಪ ಇರಲಿಲ್ಲ, ಅವನು ಯಾವಾಗ ಹೋದನೋ ಯಾರೂ ನೋಡಲಿಲ್ಲ.

ಸಭೆ ಮುಗಿಯುವ ಮೊದಲು ಹಾಜರಿ ಪುಸ್ತಕ ತಿರುಗಬೇಕು. ಹೆಂಗಸರ ಹೆಬ್ಬೆಟ್ಟು ಎಷ್ಟು ಬಿದ್ದವೆಂದು ಮೇಲಿನವರು ನೋಡುತ್ತಾರೆ. ಹೆಂಗಸರ ಕಡೆ ದಶರಥನೇ ಹೋಗಲಿ, ಅವರಿಗೆ ಸಂಕೋಚವಾಗುವುದಿಲ್ಲ ಎಂದರು ಸರ್. ಅವನು ಶಾಯಿಯ ಡಬ್ಬಿ ಹಿಡಿದು ಸಾಲಿನುದ್ದಕ್ಕೂ ಕುಕ್ಕುರುಗಾಲಲ್ಲಿ ಸರಿಯುತ್ತ ಬಂದ. ಒಂದೊಂದು ಹೆಬ್ಬೆರಳನ್ನು ಹಿಡಿದು ಒತ್ತಿ, ಪಕ್ಕದಲ್ಲಿ ದುಂಡಗೆ ಹೆಸರು ಬರೆದ. ಅಕ್ಕುತಾಯಿಯ ಎದುರು ಬಂದಾಗ ತಲೆ ಎತ್ತಲಿಲ್ಲ. ಪುಸ್ತಕದಲ್ಲಿ ಆಕೆಯ ಹೆಸರು ಮೊದಲೇ ಬರೆದು, ಪಕ್ಕದ ಖಾಲಿ ಚೌಕವನ್ನು ಬೆರಳಿನಿಂದ ತೋರಿಸಿದ. ಎದುರಿನ ಕೈಗಳು ಮಡಿಲಿನಿಂದ ಮೇಲೇಳಲಿಲ್ಲ.

"ಯಾವ ತಿಂಗಳಾಗ ಏನ ತಿಂತೀರಿ, ಕೇಳ್ದಿ," ಎಂದಳು ಆಕೆ. ಅವನಿಗೆ ಮಾತ್ರ ಕೇಳುವಷ್ಟು ಸಣ್ಣಗೆ, ಸಿಟ್ಟಿಲ್ಲದೆ. "ಎಷ್ಟ ಕೋಳಿ ಅದಾವ, ಕೇಳ್ದಿ. ಗಂಡ ಹೆಂಗ ಸತ್ತಾ, ಕೇಳ್ದಿ. ಊರ ಮುಂದ ಎದ್ದು ಅಂತೀಯೇನು ಮಾವಶಿ, ಅಂತ ಇದೊಂದ ಕೇಳಾಕ ನಿನಗ ಬರಲಿಲ್ಲೇನು?"

ದಶರಥನ ಬೆರಳಿನ ತುದಿಯ ಶಾಯಿ ಖಾಲಿ ಚೌಕದ ಅಂಚಿಗೆ ತಾಗಿ ಚಿಕ್ಕ ಕಲೆಯಾಯಿತು. ಹಿಂದೆ ಸರ್ ಯಾರಿಗೋ ಬಸಿನೀರಿನ ಹೊಂಡದ ಉದ್ದ ಅಗಲ ಹೇಳುತ್ತಿದ್ದರು. ಅವನು ಕುಕ್ಕುರುಗಾಲಲ್ಲಿಯೇ, ಪುಸ್ತಕ ಹಿಡಿದುಕೊಂಡು, ಪಕ್ಕದ ಹೆಂಗಸಿನ ಎದುರಿಗೆ ಸರಿದ.